ಓದುಗರ ಓಲೆ: ಭೂಪಟದಲ್ಲಿಲ್ಲದ ದೇಶದ ಐಸ್ ಹಾಕಿ ತಂಡ

ಹಿಂದಿನ ಸಂಚಿಕೆಯಲ್ಲಿ ಚಳಿಗಾಲದ ಒಲಿಂಪಿಕ್ಸ್ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಕ್ರೀಡಾ ತಂಡ ಚೆಕೊಸ್ಲೊವಾಕಿಯಾದ ಐಸ್ ಹಾಕಿ ತಂಡ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟೊಂದು ಪತ್ರಗಳು ಬರುತ್ತವೆ ಎಂದು ನಾನು ಎಣಿಸಿರಲಿಲ್ಲ. 1984ರ ಶರತ್ಕಾಲದಿಂದ ಎರಡು ವರ್ಷ ನಾನು ಆ ದೇಶದ ಬ್ರನೊ ನಗರದ ಕಾರ್ಖಾನೆಯೊಂದರಲ್ಲಿ ತರಬೇತಿಯಲ್ಲಿದ್ದೆ. ಐಸ್ ಹಾಕಿಯ ಬಗ್ಗೆ ನಾನು ಮೊದಲು ತಿಳಿದದ್ದೆಲ್ಲ ನಮ್ಮ ಹಾಸ್ಟೆಲಿನ ಬಾಗಿಲು ಕಾಯುತ್ತಿದ್ದ ವೃದ್ಧರಿಂದ. ಉಳಿದದ್ದು ಆಮೇಲಿನ ಓದಿನಿಂದ. ಈ ಬಾರಿಯ ಅಂಕಣ ಪೂರ್ತಿ ಆ ಪತ್ರಗಳಿಗೇ ಮೀಸಲು.

ಪ್ರಶ್ನೆ: ಆ ದೇಶವೇ ಈಗ ಇಲ್ಲ. ಅದರ ತಂಡವನ್ನು ನೆನಪಿಡುವಂಥದ್ದು ಏನಿದೆ? ಅವರು ಎಷ್ಟು ಸಲ ಗೆದ್ದಿದ್ದಾರೆ? (ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು)

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ವಿಶ್ವ ಚಾಂಪಿಯನ್ ಪಟ್ಟ ಆರು ಸಲ: 1947, 1949, 1972, 1976, 1977, 1985. ಒಲಿಂಪಿಕ್ಸ್‌ನಲ್ಲಿ ನಾಲ್ಕು ಬೆಳ್ಳಿ, ನಾಲ್ಕು ಕಂಚು. ಒಲಿಂಪಿಕ್ ಚಿನ್ನ ಆ ದೇಶದ ಹೆಸರಿಗೆ ಕೊನೆಗೂ ಬರಲೇ ಇಲ್ಲ.

ಆದರೆ ಶಿಕ್ಷಕರೇ, ನಿಮ್ಮ ಮಕ್ಕಳಿಗೆ ಹೇಳಲು ಇನ್ನೂ ಚೆನ್ನಾದ ಲೆಕ್ಕವೊಂದಿದೆ. 1918ರ ಅಕ್ಟೋಬರ್‌ನಲ್ಲಿ ಹುಟ್ಟಿದ ಆ ದೇಶ, ಎರಡು ವರ್ಷ ತುಂಬುವ ಮೊದಲೇ, 1920ರ ಏಪ್ರಿಲ್‌ನಲ್ಲಿ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಐಸ್ ಹಾಕಿ ತಂಡ ಕಳುಹಿಸಿತು. ಮೊದಲ ಪಂದ್ಯದಲ್ಲಿ ಕೆನಡಾ ಎದುರು 15–0 ಸೋಲು. ಎರಡನೆಯದರಲ್ಲಿ ಅಮೆರಿಕದ ಎದುರು 16–0 ಸೋಲು. ಮೂರನೆಯದರಲ್ಲಿ ಸ್ವೀಡನ್ ಎದುರು ಯೊಸೆಫ್ ಶ್ರೌಬೆಕ್ ಹೊಡೆದ ಒಂದೇ ಒಂದು ಗೋಲು, 1–0 ಗೆಲುವು, ಕಂಚಿನ ಪದಕ. ಹೊಡೆದದ್ದು ಒಂದು ಗೋಲು, ಬಿಟ್ಟುಕೊಟ್ಟದ್ದು ಮೂವತ್ತೊಂದು, ಆದರೂ ಕೊರಳಲ್ಲಿ ಪದಕ! ಆ ಕಾಲದ ಟೂರ್ನಿಯ ವಿಚಿತ್ರ ನಿಯಮಗಳಿಂದ ಅದು ಸಾಧ್ಯವಾಯಿತು ಎನ್ನುವುದು ನಿಜ. ಆದರೆ ಮೂವತ್ತೊಂದು ಗೋಲು ತಿಂದ ಮರುದಿನವೂ ಮೈದಾನಕ್ಕೆ ಇಳಿದು ಆಡಿದರಲ್ಲ, ಅದಕ್ಕೆ ನಿಯಮ ಕಾರಣವಲ್ಲ.

ಪ್ರಶ್ನೆ: ವಿಶ್ವ ಚಾಂಪಿಯನ್ ಆಗಿದ್ದ ತಂಡವನ್ನೇ ಅವರ ಸರ್ಕಾರ ಜೈಲಿಗೆ ಹಾಕಿತು ಎಂದು ಎಲ್ಲೋ ಕೇಳಿದೆ. ಇದು ಕಟ್ಟುಕಥೆಯೇ? (ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಕಟ್ಟುಕಥೆಯಲ್ಲ, ತಾಯಿ. ಒಂದೊಂದು ಅಕ್ಷರವೂ ನಿಜ. ಇದನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕು.

ಮಹಾಯುದ್ಧ ಮುಗಿದ ಮೇಲೆ ಆ ತಂಡದ ಸುವರ್ಣಕಾಲ ಶುರುವಾಯಿತು. ಮೈಕ್ ಬುಕ್ನಾ ಎಂಬ ಕೆನಡಾದ ತರಬೇತುದಾರ, ಅವರ ತಂದೆ ತಾಯಿ ಸ್ಲೊವಾಕ್ ಮೂಲದವರು, ಯುದ್ಧಕ್ಕೆ ಮೊದಲೇ ಪ್ರಾಗ್‌ಗೆ ಬಂದು ಅಲ್ಲಿನ ಹುಡುಗರಿಗೆ ಕೆನಡಾದ ಆಟದ ಪಟ್ಟುಗಳನ್ನು ಕಲಿಸಿದ್ದರು. ಯುದ್ಧ ಮುಗಿಯುತ್ತಲೇ ಮತ್ತೆ ಬಂದರು. 1947ರ ಫೆಬ್ರುವರಿಯಲ್ಲಿ ಪ್ರಾಗ್‌ನಲ್ಲಿಯೇ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ವಲ್ತಾವಾ ನದಿಯ ನಡುವೆ ಶ್ತ್ವಾನಿತ್ಸೆ ಎಂಬ ದ್ವೀಪವಿದೆ, ಅಲ್ಲಿನ ಕ್ರೀಡಾಂಗಣದಲ್ಲಿ. ನಾಯಕ ವ್ಲಾದಿಮೀರ್ ಜಾಬ್ರೊದ್ಸ್ಕಿ ಏಳು ಪಂದ್ಯಗಳಲ್ಲಿ 29 ಗೋಲು ಹೊಡೆದರು. ಆದರೂ ಸ್ವೀಡನ್ ಎದುರು 2–1ರಿಂದ ಸೋತಾಗ ಎಲ್ಲ ಮುಗಿಯಿತು ಎನ್ನಿಸಿತ್ತು. ಅಷ್ಟರಲ್ಲಿ ಅದೇ ಸ್ವೀಡನ್ ತಂಡವನ್ನು ಆಸ್ಟ್ರಿಯಾ 2–1ರಿಂದ ಸೋಲಿಸಿತು. ಚಿನ್ನ ಪ್ರಾಗ್‌ನಲ್ಲಿಯೇ ಉಳಿಯಿತು. ನಮ್ಮ ಹಾಸ್ಟೆಲಿನ ವೃದ್ಧರು ಆಗ ಯುವಕರು, ಆ ಟೂರ್ನಿಯನ್ನು ಕಣ್ಣಾರೆ ನೋಡಿದವರು. "ಆ ವಾರ ಆಸ್ಟ್ರಿಯಾದವನು ಯಾರೇ ಬೀದಿಯಲ್ಲಿ ಸಿಕ್ಕಿದರೂ ಬಿಯರ್ ಕೊಡಿಸುತ್ತಿದ್ದೆವು" ಎಂದು ಅವರು ಹೇಳುವಾಗ, ನಲವತ್ತು ವರ್ಷದ ಹಿಂದಿನ ನೊರೆ ಅವರ ಮೀಸೆಯ ಮೇಲೆ ಇನ್ನೂ ಇದ್ದಂತೆ ಕಾಣುತ್ತಿತ್ತು.

ಮರುವರ್ಷ ಸೇಂಟ್ ಮಾರಿಟ್ಸ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಎದುರು 0–0 ಡ್ರಾ. ಗೋಲು ಸರಾಸರಿಯ ಲೆಕ್ಕದಲ್ಲಿ ಚಿನ್ನ ತಪ್ಪಿ ಬೆಳ್ಳಿ ಬಂತು. ಗೋಲಿನ ಮುಂದೆ ನಿಂತಿದ್ದವರು ಬೊಹುಮಿಲ್ ಮೊದ್ರಿ. ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅದೇ 1948ರ ಫೆಬ್ರುವರಿಯಲ್ಲಿ ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಆ ದಿನಗಳಲ್ಲಿಯೇ ದೇಶದ ಅತ್ಯುತ್ತಮ ಕ್ಲಬ್, ಪ್ರಾಗ್‌ನ ಎಲ್‌ಟಿಸಿ, ಮಾಸ್ಕೋಗೆ ಹೋಯಿತು. ಸೋವಿಯತ್ ಆಟಗಾರರು ಆಗತಾನೆ ಈ ಆಟಕ್ಕೆ ಕಾಲಿಟ್ಟಿದ್ದರು. ಮೂರು ಪಂದ್ಯ ನಡೆದವು: ಒಂದು ಗೆಲುವು, ಒಂದು ಸೋಲು, ಒಂದು ಡ್ರಾ. ಮೈದಾನದ ಆಚೆ, ಕಲಿಯಬಂದವರಿಗೆ ಪ್ರಾಗ್‌ನ ಆಟಗಾರರು ಮನಸ್ಸು ಬಿಚ್ಚಿ ಕಲಿಸಿದರು. ಸೋವಿಯತ್ ಗೋಲ್‌ಕೀಪರ್‌ಗಳಿಗೆ ಮೊದ್ರಿ ತಮ್ಮ ವಿದ್ಯೆಯನ್ನು ಧಾರೆಯೆರೆದರು. ಮುಂದೆ ಮೂವತ್ತು ವರ್ಷ ತಮ್ಮ ದೇಶದ ಎದೆಯ ಮೇಲೆ ಕೂರಲಿದ್ದ ತಂಡಕ್ಕೆ ಪಾಠ ಹೇಳುತ್ತಿದ್ದೇವೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಪೆಟ್ಟಿನ ಮೇಲೆ ಪೆಟ್ಟು. 1948ರ ನವೆಂಬರ್ 8ರಂದು ಪ್ಯಾರಿಸ್‌ನಿಂದ ಲಂಡನ್‌ಗೆ ಹಾರಿದ ಸಣ್ಣ ವಿಮಾನವೊಂದು ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಕಾಣೆಯಾಯಿತು. ಅದರಲ್ಲಿ ರಾಷ್ಟ್ರೀಯ ತಂಡದ ಆರು ಆಟಗಾರರಿದ್ದರು: ಲಾದಿಸ್ಲಾವ್ ತ್ರೊಯಾಕ್, ಕರೆಲ್ ಸ್ತಿಬೊರ್, ಜ್ದೆನೆಕ್ ಯಾರ್ಕೊವ್ಸ್ಕಿ, ವಿಲಿಬಾಲ್ಡ್ ಶ್ತ್ಯೊವಿಕ್, ಮಿಲೊಸ್ಲಾವ್ ಪೊಕೊರ್ನಿ, ಜ್ದೆನೆಕ್ ಶ್ವಾರ್ತ್ಸ್. ಒಂದು ದೇಹವೂ ಸಿಗಲಿಲ್ಲ. ಮುಂದಿನ ತಿಂಗಳು ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಹೋದ ಎಲ್‌ಟಿಸಿ ಆಟಗಾರರು ಹೋಟೆಲಿನ ಕೋಣೆಯಲ್ಲಿ ಕುಳಿತು, ಎಲ್ಲರೂ ಒಟ್ಟಿಗೆ ಇಲ್ಲಿಯೇ ಉಳಿದುಬಿಡೋಣವೇ ಎಂದು ಚರ್ಚಿಸಿದರು. ಇಬ್ಬರು ಉಳಿದರು, ಹೆಚ್ಚಿನವರು ಮನೆಗೆ ಮರಳಿದರು. ಯಾರೊಸ್ಲಾವ್ ದ್ರೊಬ್ನಿ ಎಂಬ ಇನ್ನೊಬ್ಬ ಆಟಗಾರ 1949ರಲ್ಲಿ ಟೆನಿಸ್ ಆಡಲು ಹೋದವರು ಹಿಂದಿರುಗಲಿಲ್ಲ. 1954ರಲ್ಲಿ ವಿಂಬಲ್ಡನ್ ಗೆದ್ದ ದ್ರೊಬ್ನಿ ಇವರೇ, ಆಗ ಅವರು ಈಜಿಪ್ಟ್ ಪ್ರಜೆ.

ಇಷ್ಟೆಲ್ಲ ಕಳೆದುಕೊಂಡ ಮೇಲೂ 1949ರ ಆರಂಭದಲ್ಲಿ ಸ್ಟಾಕ್‌ಹೋಮ್‌ನಲ್ಲಿ ಉಳಿದವರು ಕೆನಡಾವನ್ನು 3–2ರಿಂದ ಸೋಲಿಸಿ ಮತ್ತೆ ವಿಶ್ವ ಚಾಂಪಿಯನ್ ಆದರು. ವಿಮಾನ ಕಾಣೆಯಾಗಿ ಆಗ ಕೆಲವೇ ತಿಂಗಳು. ಐಸ್ ಹಾಕಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಗೆಲುವು ನನ್ನ ಕಣ್ಣಿಗೆ ಕಂಡಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ತಿರುಳು. 1950ರ ಮಾರ್ಚ್ 11ರಂದು ಪಟ್ಟ ಉಳಿಸಿಕೊಳ್ಳಲು ಲಂಡನ್‌ಗೆ ಹೊರಟ ತಂಡವನ್ನು ಪ್ರಾಗ್ ವಿಮಾನ ನಿಲ್ದಾಣದಲ್ಲಿ ತಡೆದರು. ತಮ್ಮ ರೇಡಿಯೊ ವರದಿಗಾರರಿಗೆ ಬ್ರಿಟನ್ ವೀಸಾ ಕೊಡಲಿಲ್ಲ, ಅದನ್ನು ಪ್ರತಿಭಟಿಸಿ ತಂಡ ಹೋಗುತ್ತಿಲ್ಲ ಎಂದು ಪತ್ರಿಕೆಗಳಲ್ಲಿ ಬರೆಸಿದರು. ನಿಜವಾದ ಭಯ ಬೇರೆ: ಹೋದವರು ಮರಳದಿದ್ದರೆ? ಎರಡು ದಿನಗಳ ನಂತರ ಆಟಗಾರರು ಪ್ರಾಗ್‌ನ ಪ್ಶ್ತ್ರೊಸೊವಾ ಬೀದಿಯ ಪಡಖಾನೆಯೊಂದರಲ್ಲಿ ಸೇರಿದರು. ಹೊಟ್ಟೆಯಲ್ಲಿ ಬಿಯರ್, ತಲೆಯಲ್ಲಿ ಸಿಟ್ಟು, ನಾಲಿಗೆಗೆ ಕಡಿವಾಣವಿಲ್ಲ. ಸರ್ಕಾರವನ್ನು ಬಾಯಿಗೆ ಬಂದಂತೆ ಬೈದರು. ಸಾದಾ ಉಡುಪಿನ ಗುಪ್ತ ಪೊಲೀಸರು ಅಲ್ಲಿಯೇ ಕುಳಿತಿದ್ದರು.

ಅಕ್ಟೋಬರ್‌ನಲ್ಲಿ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಯಿತು. ಆರೋಪ ದೇಶದ್ರೋಹ, ಬೇಹುಗಾರಿಕೆ. ಹತ್ತಕ್ಕೂ ಹೆಚ್ಚು ಆಟಗಾರರಿಗೆ ತಿಂಗಳುಗಳಿಂದ ಹಿಡಿದು ವರ್ಷಗಟ್ಟಲೆ ಸೆರೆವಾಸ. ಸ್ತಾನಿಸ್ಲಾವ್ ಕೊನೊಪಾಸೆಕ್‌ಗೆ 12 ವರ್ಷ, ಇಪ್ಪತ್ತೊಂದರ ಹರೆಯದ ಅವ್ಗುಸ್ತಿನ್ ಬುಬ್ನಿಕ್‌ಗೆ 14. ಎಲ್ಲಕ್ಕಿಂತ ಹೆಚ್ಚು, 15 ವರ್ಷ, ಬೊಹುಮಿಲ್ ಮೊದ್ರಿಗೆ. ಲಂಡನ್‌ಗೆ ಹೊರಟ ಆ ತಂಡದಲ್ಲಿ ಮೊದ್ರಿ ಇರಲೇ ಇಲ್ಲ! ವಿದೇಶದಲ್ಲಿ ಆಡುವ ಅವಕಾಶಕ್ಕಾಗಿ ಅಧಿಕಾರಿಗಳ ಬಳಿ ಬಹಿರಂಗವಾಗಿಯೇ ಅನುಮತಿ ಕೇಳುತ್ತಿದ್ದವರು ಅವರು. ಅನುಮತಿ ಕೇಳಿದ್ದೇ ಅಪರಾಧದ ಸಾಕ್ಷಿಯಾಯಿತು. ಹಲವರನ್ನು ಯಾಖಿಮೊವ್ ಪ್ರದೇಶದ ಯುರೇನಿಯಂ ಗಣಿಗಳ ಶಿಬಿರಗಳಿಗೆ ಕಳುಹಿಸಿದರು. ಅಲ್ಲಿ ಅಗೆದ ಅದಿರು ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು.

1955ರ ಆರಂಭದಲ್ಲಿ ಕ್ಷಮಾದಾನದ ಮೇಲೆ ಅವರು ಹೊರಬಂದರು. ಗಣಿಯಲ್ಲಿ ಮೈಗೆ ತಗುಲಿದ ವಿಕಿರಣ ಮೊದ್ರಿಯನ್ನು ಬಿಡಲಿಲ್ಲ. 1963ರಲ್ಲಿ, 46ನೆಯ ವಯಸ್ಸಿನಲ್ಲಿ ತೀರಿಕೊಂಡರು. 1968ರಲ್ಲಿ ನ್ಯಾಯಾಲಯ ಆ ಆಟಗಾರರೆಲ್ಲರನ್ನೂ ದೋಷಮುಕ್ತರನ್ನಾಗಿ ಮಾಡುವ ಹೊತ್ತಿಗೆ ಮೊದ್ರಿ ಇರಲಿಲ್ಲ. ಬುಬ್ನಿಕ್ ಮುಂದೆ ಫಿನ್ಲೆಂಡ್ ತಂಡದ ತರಬೇತುದಾರರಾದರು. 1967ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆ ಫಿನ್ಲೆಂಡ್ ಮೊದಲ ಬಾರಿಗೆ ಚೆಕೊಸ್ಲೊವಾಕಿಯಾವನ್ನು ಸೋಲಿಸಿತು, 3–1ರಿಂದ.

ನಮ್ಮ ವೃದ್ಧರು ಈ ಕಥೆಯನ್ನು ನನಗೆ ಹೇಳಲು ಎಂಟು ತಿಂಗಳು ತೆಗೆದುಕೊಂಡರು. ಮೊದಲು ನನ್ನನ್ನು ಅಳೆದರು, ಆಮೇಲೆ ಹೊರಗೆ ನಡೆದಾಡೋಣ ಬನ್ನಿ ಎಂದರು. 1985ರಲ್ಲಿಯೂ ಗೋಡೆಗಳ ನಡುವೆ ಮೊದ್ರಿಯ ಹೆಸರು ಹೇಳಲು ಅವರು ಹಿಂಜರಿಯುತ್ತಿದ್ದರು.

ಪ್ರಶ್ನೆ: 1969ರಲ್ಲಿ ಒಂದು ಹಾಕಿ ಪಂದ್ಯದಿಂದ ಸರ್ಕಾರವೇ ಬದಲಾಯಿತಂತೆ. ಆಟಕ್ಕೆ ಅಷ್ಟು ಶಕ್ತಿ ಇದೆಯೇ? (ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು)

ಪಂದ್ಯದಿಂದ ಬದಲಾಯಿತು ಎನ್ನುವುದಕ್ಕಿಂತ, ಬದಲಾಯಿಸಲು ಕಾಯುತ್ತಿದ್ದವರಿಗೆ ಆ ಪಂದ್ಯ ನೆಪ ಕೊಟ್ಟಿತು ಎಂದರೆ ಸರಿಯಾಗುತ್ತದೆ. 1968ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರದೇಶಗಳ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ್ದವು. ಅಲ್ಲಿನ ಕಮ್ಯುನಿಸ್ಟ್ ಪಕ್ಷದ ನಾಯಕ ಅಲೆಕ್ಸಾಂಡರ್ ದುಬ್ಚೆಕ್ ತಂದ ಸುಧಾರಣೆಗಳು ಮಾಸ್ಕೋಗೆ ಹಿಡಿಸಿರಲಿಲ್ಲ. ಮರುವರ್ಷದ ವಿಶ್ವ ಚಾಂಪಿಯನ್‌ಷಿಪ್ ಪ್ರಾಗ್‌ನಲ್ಲಿಯೇ ನಡೆಯಬೇಕಿತ್ತು. ಈ ಸ್ಥಿತಿಯಲ್ಲಿ ಬೇಡವೆಂದು ಅದನ್ನು ಸ್ಟಾಕ್‌ಹೋಮ್‌ಗೆ ಬಿಟ್ಟುಕೊಟ್ಟರು.

ಮಾರ್ಚ್ 21ರ ಮೊದಲ ಪಂದ್ಯ: ಚೆಕೊಸ್ಲೊವಾಕಿಯಾ 2, ಸೋವಿಯತ್ ಒಕ್ಕೂಟ 0. ಯಾನ್ ಸುಖಿ ಒಂದು, ಯೊಸೆಫ್ ಚೆರ್ನಿ ಒಂದು. ಮಾರ್ಚ್ 28ರ ಎರಡನೆಯದು: 4–3. ಪಂದ್ಯದ ಕೊನೆಗೆ ಕೈಕುಲುಕುವುದು ಐಸ್ ಹಾಕಿಯಲ್ಲಿ ಸಂಪ್ರದಾಯ. ಅಂದು ಅವರು ಎದುರಾಳಿಗಳ ಕೈಕುಲುಕಲಿಲ್ಲ. ಆ ದೇಶದ ಲಾಂಛನದಲ್ಲಿ ಒಂದು ಸಿಂಹವಿತ್ತು. ಹಿಂದೆ ಅದರ ತಲೆಯ ಮೇಲೆ ಕಿರೀಟವಿತ್ತು. 1960ರಲ್ಲಿ ಕಿರೀಟ ತೆಗೆದು ನಕ್ಷತ್ರ ಇಟ್ಟಿದ್ದರು. ಯಾರೊಸ್ಲಾವ್ ಹೊಲಿಕ್ ಮತ್ತು ಕೆಲವರು ಅಂಗಿಯ ಮೇಲಿನ ಆ ನಕ್ಷತ್ರಕ್ಕೆ ಟೇಪ್ ಅಂಟಿಸಿಕೊಂಡು ಆಡಿದರು. ಆಟಗಾರನೊಬ್ಬ ತನ್ನ ದೇಶದ ಸಿಂಹವನ್ನು ತನಗೆ ಬೇಕಾದಂತೆ ತೊಡುವುದಕ್ಕೆ ಅಷ್ಟೇ ದಾರಿ ಉಳಿದಿತ್ತು.

ಅಂದು ರಾತ್ರಿ ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಉಳಿದ ನಗರಗಳ ಬೀದಿಗಳೂ ತುಂಬಿದವು. "ನೀವು ನಮಗೆ ಟ್ಯಾಂಕು, ನಾವು ನಿಮಗೆ ಗೋಲು" ಎಂಬುದು ಆ ದಿನಗಳ ಘೋಷಣೆ. ಚೆಕ್ ಭಾಷೆಯಲ್ಲಿ ಟ್ಯಾಂಕ್ ಮತ್ತು ಗೋಲು ಎಂಬ ಪದಗಳಿಗೆ ಸೊಗಸಾದ ಪ್ರಾಸ ಕೂಡುತ್ತದೆ, ಕನ್ನಡದಲ್ಲಿ ಅದನ್ನು ತರಲು ನನ್ನಿಂದ ಆಗಿಲ್ಲ. ಚೌಕದಲ್ಲಿದ್ದ ಸೋವಿಯತ್ ವಿಮಾನ ಸಂಸ್ಥೆ ಏರೊಫ್ಲೋಟ್‌ನ ಕಚೇರಿಯ ಗಾಜುಗಳು ಪುಡಿಯಾದವು, ಒಳಗಿನ ಪೀಠೋಪಕರಣ ಬೀದಿಗೆ ಬಂದವು. ಕಚೇರಿಯ ಎದುರು ನೆಲಹಾಸಿನ ಕಲ್ಲುಗಳ ರಾಶಿಯೊಂದು ಮೊದಲೇ ಬಂದು ಬಿದ್ದಿತ್ತು. ಅದು ಗುಪ್ತ ಪೊಲೀಸರ ಕೈವಾಡ ಎಂಬ ಶಂಕೆ ಬಲವಾಗಿದೆ. ಕೆಲವೇ ದಿನಗಳಲ್ಲಿ ಸೋವಿಯತ್ ರಕ್ಷಣಾ ಸಚಿವ ಗ್ರೆಚ್ಕೊ ಪ್ರಾಗ್‌ಗೆ ಬಂದಿಳಿದರು. ಏಪ್ರಿಲ್ 17ರಂದು ದುಬ್ಚೆಕ್ ಪಕ್ಷದ ನಾಯಕತ್ವ ಕಳೆದುಕೊಂಡರು. ಆ ಸ್ಥಾನಕ್ಕೆ ಗುಸ್ತಾವ್ ಹುಸಾಕ್ ಬಂದರು, ಮುಂದಿನ ಎರಡು ದಶಕ ದೇಶ ಅವರ ಬಿಗಿಮುಷ್ಟಿಯಲ್ಲಿತ್ತು.

ಅಂದಹಾಗೆ, ಆ ಟೂರ್ನಿಯ ಚಿನ್ನ ಯಾರಿಗೆ ಹೋಯಿತು ಗೊತ್ತೇ? ಸೋವಿಯತ್ ಒಕ್ಕೂಟಕ್ಕೇ! ಎರಡೂ ಪಂದ್ಯಗಳಲ್ಲಿ ಸೋತವರಿಗೆ! ಮೂರು ತಂಡಗಳು ತಲಾ 16 ಅಂಕ ಗಳಿಸಿ, ಗೋಲುಗಳ ಲೆಕ್ಕದಲ್ಲಿ ಚೆಕೊಸ್ಲೊವಾಕಿಯಾ ಮೂರನೆಯದಾಯಿತು. ಸ್ವೀಡನ್ ಎದುರು ಎರಡು ಸಲವೂ ಒಂದೇ ಒಂದು ಗೋಲು ಹೊಡೆಯಲಾಗದೆ ಸೋತಿದ್ದರು. ರಷ್ಯನ್ನರ ಎದುರು ಎಲ್ಲವನ್ನೂ ಸುರಿದವರಿಗೆ ಮಿಕ್ಕ ಪಂದ್ಯಗಳಿಗೆ ಉಸಿರು ಉಳಿದಿರಲಿಲ್ಲ ಎಂದು ನಾನು ನಂಬಿದ್ದೇನೆ. ಆ ಕಂಚಿನ ಬಗ್ಗೆ ದೂರಿದ ಒಬ್ಬ ಚೆಕ್ ವ್ಯಕ್ತಿಯನ್ನೂ ನಾನು ಕಂಡಿಲ್ಲ. ಒಂದು ಚಳಿಗಾಲದ ಸಂಜೆ ನಮ್ಮ ವೃದ್ಧರು, ಅವರ ಕೋಣೆಯ ಮಂಜು ಹಿಡಿದ ಕಿಟಕಿ ಗಾಜಿನ ಮೇಲೆ ಬೆರಳಿನಿಂದ 4:3 ಎಂದು ಬರೆದು, ನನ್ನ ಮುಖ ನೋಡಿ, ನಾನು ಓದಿದ್ದು ಖಾತ್ರಿಯಾದ ಮೇಲೆ ಅಂಗೈಯಿಂದ ಒರೆಸಿದರು. ಒಂದು ಮಾತೂ ಆಡಲಿಲ್ಲ.

ಪ್ರಶ್ನೆ: ಹಾಗಾದರೆ ಎಪ್ಪತ್ತರ ದಶಕದಲ್ಲಿ ಆ ತಂಡ ಕುಗ್ಗಿಹೋಯಿತೇ? (ಹೆಸರು ಬರೆಯದ ಓದುಗರು)

ಇಲ್ಲ, ಆಟದ ಮಟ್ಟಿಗೆ ಅದೇ ಅವರ ಅತ್ಯಂತ ಗಟ್ಟಿ ಕಾಲ. 1963ರಿಂದ 1971ರವರೆಗೆ ಸತತ ಒಂಬತ್ತು ಸಲ ವಿಶ್ವ ಚಾಂಪಿಯನ್ ಆಗಿದ್ದ ಸೋವಿಯತ್ ತಂಡದ ಸರಣಿಯನ್ನು 1972ರಲ್ಲಿ ಪ್ರಾಗ್‌ನಲ್ಲಿ ಮುರಿದರು. ನಿರ್ಣಾಯಕ ಪಂದ್ಯ 3–2. 1976ರಲ್ಲಿ ಪೋಲೆಂಡಿನ ಕಾತೊವಿತ್ಸೆಯಲ್ಲಿ, 1977ರಲ್ಲಿ ವಿಯೆನ್ನಾದಲ್ಲಿ ಮತ್ತೆ ಚಿನ್ನ. 1978ರಲ್ಲಿ ಪ್ರಾಗ್‌ನಲ್ಲಿ ಸತತ ಮೂರನೆಯದು ಕೈಗೆ ಬಂದಿತ್ತು, ಕೊನೆಯ ಪಂದ್ಯದಲ್ಲಿ ಒಂದು ಗೋಲಿನ ಅಂತರದಿಂದ ಸೋತಿದ್ದರೂ ಸಾಕಿತ್ತು. ಸೋತದ್ದು 3–1ರಿಂದ.

ಆ ದಶಕದಿಂದ ಒಬ್ಬರನ್ನು ಮಾತ್ರ ಹೆಸರಿಸುವೆನೆಂದರೆ ಅದು ಗೋಲ್‌ಕೀಪರ್ ವ್ಲಾದಿಮೀರ್ ಜುರಿಲ್ಲಾ. ಬ್ರಾತಿಸ್ಲಾವಾದವರು, ಕಸುಬಿನಿಂದ ರೆಫ್ರಿಜರೇಟರ್ ರಿಪೇರಿ ಮಾಡುವವರು. 1969ರ 2–0 ಪಂದ್ಯದಲ್ಲಿ ಗೋಲು ಕಾದವರೂ ಅವರೇ. 1976ರ ಕೆನಡಾ ಕಪ್‌ನಲ್ಲಿ, ಕೆನಡಾದ ಅತಿರಥರೆಲ್ಲ ಇದ್ದ ತಂಡವನ್ನು ಮಾಂಟ್ರಿಯಲ್‌ನಲ್ಲಿಯೇ 1–0ರಿಂದ ಸೋಲಿಸಿದಾಗ ಅವರಿಗೆ 34 ವರ್ಷ. ಫೈನಲ್ ಕೆನಡಾ ಪಾಲಾಯಿತು, ಅದೂ ಹೆಚ್ಚುವರಿ ಸಮಯದಲ್ಲಿ ಡ್ಯಾರಿಲ್ ಸಿಟ್ಲರ್ ಹೊಡೆದ ಗೋಲಿನಿಂದ.

ಪ್ರಶ್ನೆ: ದೇಶ ಬಿಟ್ಟು ಓಡಿಹೋದ ಆಟಗಾರರನ್ನು ನೀವು ಸಮರ್ಥಿಸುತ್ತೀರಾ? ತರಬೇತಿ ಕೊಟ್ಟ ದೇಶಕ್ಕೆ ಅದು ದ್ರೋಹವಲ್ಲವೇ? (ಗ್ರಂಥಪಾಲಕಿಯೊಬ್ಬರು)

ಮೇಡಂ, ಮೊದ್ರಿಯ ಕಥೆ ಓದಿದ ಮೇಲೆ ಈ ಪ್ರಶ್ನೆಯನ್ನು ನೀವು ಹೀಗೆಯೇ ಕೇಳುತ್ತೀರಾ? ಅನುಮತಿ ಕೇಳಿದವರಿಗೆ ಯುರೇನಿಯಂ ಗಣಿ ತೋರಿಸಿದ ದೇಶದಲ್ಲಿ, ಕೇಳದೆ ಹೋಗುವುದು ಬಿಟ್ಟು ಬೇರೆ ದಾರಿ ಯಾವುದಿತ್ತು? ನಾನು ಸಮರ್ಥಿಸುತ್ತೇನೆ, ಮನಃಪೂರ್ವಕವಾಗಿ.

1974ರಲ್ಲಿ ವಾತ್ಸ್ಲಾವ್ ನೆದೊಮಾನ್ಸ್ಕಿ ದೇಶ ಬಿಟ್ಟು ಟೊರೊಂಟೊ ಸೇರಿದರು. ಅಂದಿಗೆ ಅವರು ತಂಡದ ದೊಡ್ಡ ಗೋಲುಗಾರ. 1980ರ ಆಗಸ್ಟ್‌ನಲ್ಲಿ ಕ್ಲಬ್ ಪಂದ್ಯಗಳಿಗಾಗಿ ಇನ್ಸ್‌ಬ್ರುಕ್‌ಗೆ ಬಂದಿದ್ದ ಬ್ರಾತಿಸ್ಲಾವಾದ ಸಹೋದರರು ಪೀಟರ್ ಮತ್ತು ಆಂಟನ್ ಶ್ತ್ಯಾಸ್ತ್ನಿ ಅಲ್ಲಿಂದಲೇ ಕೆನಡಾದ ಕ್ವಿಬೆಕ್‌ಗೆ ಹೊರಟುಹೋದರು. ಪೀಟರ್ ಜೊತೆಗೆ ಗರ್ಭಿಣಿ ಹೆಂಡತಿ. ಹಿಂದೆ ಉಳಿದ ಅಣ್ಣ ಮರಿಯನ್‌ಗೆ ಆಡುವುದನ್ನೇ ನಿಷೇಧಿಸಿದರು. ಒಂದು ವರ್ಷ ಅದನ್ನು ನುಂಗಿಕೊಂಡು ಅವರೂ ಸಂಸಾರದೊಂದಿಗೆ ತಪ್ಪಿಸಿಕೊಂಡು ಹೋಗಿ ತಮ್ಮಂದಿರನ್ನು ಸೇರಿದರು. ನಾನು ಬ್ರನೊದಲ್ಲಿದ್ದಾಗ ಪತ್ರಿಕೆಗಳಲ್ಲಿ ಆ ಮೂವರ ಹೆಸರು ಕಾಣುತ್ತಿರಲಿಲ್ಲ. ಆದರೆ ಕಾರ್ಖಾನೆಯ ಊಟದ ಮೇಜಿನಲ್ಲಿ ಪೀಟರ್ ಆ ವಾರ ಎಷ್ಟು ಗೋಲು ಹೊಡೆದರು ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ವಿದೇಶಿ ರೇಡಿಯೊ ಕೇಳುವ ಕಿವಿಗಳು ಎಲ್ಲ ಮನೆಯಲ್ಲೂ ಇದ್ದವು.

1984ರಲ್ಲಿ ಪಶ್ಚಿಮ ಜರ್ಮನಿಗೆ ಆಡಲು ಹೋದ ಕಿರಿಯರ ತಂಡದಿಂದ ಪೀಟರ್ ಸ್ವೊಬೊದಾ ಎಂಬ ಹುಡುಗ ಹಿಂದಿರುಗಲಿಲ್ಲ. 1998ರ ನಗಾನೊ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ರಷ್ಯಾ ಎದುರು ಚೆಕ್ ಗಣರಾಜ್ಯಕ್ಕೆ 1–0ರಿಂದ ಚಿನ್ನ ತಂದ ಗೋಲು ಆತನದೇ. ಚೆಕ್ ಭಾಷೆಯಲ್ಲಿ ಸ್ವೊಬೊದಾ ಎಂದರೆ ಸ್ವಾತಂತ್ರ್ಯ.

ಪ್ರಶ್ನೆ: ನೀವು ಅಲ್ಲಿದ್ದಾಗ ಅವರ ಯಾವುದಾದರೂ ಗೆಲುವು ನೋಡಿದಿರಾ? (ಪದವಿ ವಿದ್ಯಾರ್ಥಿ)

ನೋಡಿದೆ, ಟಿವಿಯಲ್ಲಿ. 1985ರ ವಿಶ್ವ ಚಾಂಪಿಯನ್‌ಷಿಪ್ ಪ್ರಾಗ್‌ನಲ್ಲಿ ನಡೆಯಿತು. ಮೊದಲ ಸುತ್ತಿನಲ್ಲಿ ಸೋವಿಯತ್ ತಂಡ ಇವರನ್ನು 5–1ರಿಂದ ಬಡಿದಿತ್ತು. ಪದಕದ ಸುತ್ತಿನಲ್ಲಿ ಅದೇ ತಂಡವನ್ನು 2–1ರಿಂದ ಸೋಲಿಸಿದಾಗ ನಮ್ಮ ಹಾಸ್ಟೆಲಿನಲ್ಲಿ ಯಾರೂ ಕೂಗಲಿಲ್ಲ. ಎಲ್ಲರೂ ಎದ್ದು ನಿಂತರು, ಕೆಲವರು ಕಣ್ಣೊರೆಸಿಕೊಂಡರು. ಮೇ 3ರಂದು ಕೆನಡಾ ಎದುರಿನ ಪಂದ್ಯದಲ್ಲಿ ಯಿರಿ ಶೇಯ್ಬಾ ಮೂರು ಗೋಲು ಹೊಡೆದರು, 5–3ರ ಗೆಲುವು. ಆಗ ಮಾತ್ರ ಆ ನಾಲ್ಕು ಮಹಡಿಯ ಕಟ್ಟಡ ಅಲುಗಿತು. ನಮ್ಮ ವೃದ್ಧರು ಕೆಲಸದ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ರಾಷ್ಟ್ರಗೀತೆ ಪೂರ್ತಿ ಹಾಡಿದರು. ಆ ಗೀತೆಯ ಮೊದಲ ಭಾಗ ಚೆಕ್‌ನಲ್ಲಿ, ಎರಡನೆಯ ಭಾಗ ಸ್ಲೊವಾಕ್‌ನಲ್ಲಿ. ಆ ದೇಶ ಗೆದ್ದ ಕೊನೆಯ ವಿಶ್ವ ಪಟ್ಟ ಅದೇ ಎಂದು ಅಂದು ಯಾರಿಗೂ ಗೊತ್ತಿರಲಿಲ್ಲ.

ಪ್ರಶ್ನೆ: ದೇಶ ಎರಡಾದಾಗ ತಂಡವನ್ನು ಹೇಗೆ ಹಂಚಿಕೊಂಡರು? ಹಳೆಯ ಪದಕಗಳು ಈಗ ಯಾರವು? (ದೈಹಿಕ ಶಿಕ್ಷಕರ ಎರಡನೆಯ ಪ್ರಶ್ನೆ, ಅದೇ ಪತ್ರದಲ್ಲಿ)

1993ರ ಜನವರಿ 1ರಂದು ದೇಶ ಎರಡಾಯಿತು. ಆ ಹೊತ್ತಿಗೆ ಸ್ವೀಡನ್ನಿನ ಯೆವ್ಲೆ ನಗರದಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಹುಡುಗರು ಡಿಸೆಂಬರ್ 26ರಿಂದ ಚೆಕೊಸ್ಲೊವಾಕಿಯಾ ಎಂಬ ಹೆಸರಿನಲ್ಲಿ ಆಡುತ್ತಿದ್ದರು. ಹೊಸ ವರ್ಷದ ಗಂಟೆ ಬಾರಿಸಿತು, ದೇಶ ಮುಗಿಯಿತು, ಟೂರ್ನಿ ಮುಗಿದಿರಲಿಲ್ಲ. ಉಳಿದ ಪಂದ್ಯಗಳನ್ನು ಚೆಕ್ ಮತ್ತು ಸ್ಲೊವಾಕ್ ಗಣರಾಜ್ಯಗಳ ಜಂಟಿ ತಂಡವಾಗಿ ಆಡಿ ಕಂಚು ಗೆದ್ದರು.

ಹಿರಿಯರ ಹಂಚಿಕೆ ಇಷ್ಟು ನವಿರಾಗಿರಲಿಲ್ಲ. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಹಳೆಯ ತಂಡದ ಸ್ಥಾನವನ್ನು ಚೆಕ್ ಗಣರಾಜ್ಯಕ್ಕೆ ಕೊಟ್ಟು ಅಗ್ರ ಗುಂಪಿನಲ್ಲಿ ಉಳಿಸಿತು. ಸ್ಲೊವಾಕಿಯಾವನ್ನು ಮೂರನೆಯ ದರ್ಜೆಗೆ, ಸಿ ಗುಂಪಿಗೆ, ತಳ್ಳಿತು. ಅಣ್ಣ ತಮ್ಮಂದಿರ ಪಾಲಿನಲ್ಲಿ ಒಬ್ಬನಿಗೆ ಇಡೀ ಮನೆ ಕೊಟ್ಟು ಇನ್ನೊಬ್ಬನನ್ನು ಹಿತ್ತಲಿಗೆ ಕಳುಹಿಸಿದ ಹಾಗಾಯಿತು. ನನಗೆ ಇದು ಇಂದಿಗೂ ಅನ್ಯಾಯವಾಗಿ ಕಾಣುತ್ತದೆ. ಜುರಿಲ್ಲಾ ಸ್ಲೊವಾಕ್, ಶ್ತ್ಯಾಸ್ತ್ನಿ ಸಹೋದರರು ಸ್ಲೊವಾಕ್, 1969ರ ನಾಯಕ ಯೊಜೆಫ್ ಗೊಲೊಂಕಾ ಸ್ಲೊವಾಕ್. 1985ರಲ್ಲಿ ನಾನು ನೋಡಿದ ತಂಡದಲ್ಲಿ ಇಗೊರ್ ಲಿಬಾ, ವಿನ್ಸೆಂಟ್ ಲುಕಾಚ್, ದಾರಿಯಸ್ ರುಸ್ನಾಕ್ ಎಲ್ಲರೂ ಸ್ಲೊವಾಕರೇ.

1994ರ ಲಿಲ್ಲೆಹಾಮರ್ ಒಲಿಂಪಿಕ್ಸ್‌ಗೆ ಸ್ಲೊವಾಕಿಯಾದವರು ಅರ್ಹತಾ ಪಂದ್ಯಗಳನ್ನು ಆಡಿಯೇ ಬರಬೇಕಾಯಿತು. ಉದ್ಘಾಟನೆಯಲ್ಲಿ ಹೊಸ ದೇಶದ ಬಾವುಟ ಹಿಡಿದವರು ಪೀಟರ್ ಶ್ತ್ಯಾಸ್ತ್ನಿ, ವಯಸ್ಸು 37. ಚೆಕೊಸ್ಲೊವಾಕಿಯಾ ಪರ ಆಡಿ, 1984ರಲ್ಲಿ ಕೆನಡಾ ಪರ ಆಡಿ, ಈಗ ತಮ್ಮ ಮೂರನೆಯ ದೇಶಕ್ಕೆ. ಗುಂಪಿನಲ್ಲಿ ಒಂದೂ ಪಂದ್ಯ ಸೋಲದೆ ಮೊದಲ ಸ್ಥಾನ ಪಡೆದು, ಕ್ವಾರ್ಟರ್ ಫೈನಲ್‌ನಲ್ಲಿ ರಷ್ಯಾ ಎದುರು ಹೆಚ್ಚುವರಿ ಸಮಯದಲ್ಲಿ ಸೋತರು. ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ ಪಡೆದ ಆ ತಂಡ ಮರುತಿಂಗಳೇ ಪೊಪ್ರಾದ್‌ನಲ್ಲಿ ಮೂರನೆಯ ದರ್ಜೆಯ ಟೂರ್ನಿ ಆಡಿತು! ಅದನ್ನು ಗೆದ್ದು, ಮರುವರ್ಷ ಎರಡನೆಯ ದರ್ಜೆಯನ್ನೂ ಗೆದ್ದು, 1996ಕ್ಕೆ ಅಗ್ರ ಗುಂಪಿಗೆ ಏರಿತು. 2000ದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಚೆಕ್ ಮತ್ತು ಸ್ಲೊವಾಕಿಯಾ ಎದುರುಬದುರಾದವು, ಚೆಕ್ 5–3ರಿಂದ ಗೆದ್ದಿತು. 2002ರಲ್ಲಿ ಸ್ಲೊವಾಕಿಯಾ ರಷ್ಯಾವನ್ನು 4–3ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆಯಿತು. ಮತ್ತೆ ಅದೇ 4:3. ಅದನ್ನು ನೋಡಲು ನಮ್ಮ ವೃದ್ಧರು ಇದ್ದರೋ ಇಲ್ಲವೋ, ನನ್ನ ಕೊನೆಯ ಎರಡು ಪತ್ರಗಳಿಗೆ ಉತ್ತರ ಬಂದಿರಲಿಲ್ಲ.

ಪದಕಗಳು ಯಾರವು ಎಂದು ಕೇಳಿದ್ದೀರಿ. ಗೆದ್ದವರವು, ಅವರ ಮನೆಗಳವು ಎಂದೇ ನನ್ನ ಉತ್ತರ. 1947ರ ಚಿನ್ನವನ್ನೇ ತೆಗೆದುಕೊಳ್ಳಿ. ಆ ತಂಡದಲ್ಲಿದ್ದ ಲಾದಿಸ್ಲಾವ್ ತ್ರೊಯಾಕ್ ಸ್ಲೊವಾಕಿಯಾದ ಕೊಶಿತ್ಸೆಯವರು, ಸ್ಲೊವಾಕರಲ್ಲಿ ಮೊದಲ ವಿಶ್ವ ಚಾಂಪಿಯನ್. ಮರುವರ್ಷ ಕಡಲಿನ ಮೇಲೆ ಕಾಣೆಯಾದ ವಿಮಾನದಲ್ಲಿ ಅವರೂ ಇದ್ದರು ಎಂದು ಮೇಲೆ ಬರೆದಿದ್ದೇನೆ. ಸಮಾಧಿ ಕಟ್ಟಲು ದೇಹ ಸಿಗಲಿಲ್ಲ. ಪ್ರಾಗ್‌ನ ಶ್ತ್ವಾನಿತ್ಸೆ ದ್ವೀಪದಲ್ಲಿ ಅವರು ಗೆದ್ದ ಕ್ರೀಡಾಂಗಣವನ್ನು 2011ರಲ್ಲಿ ಕೆಡವಿದರು. ಕೊಶಿತ್ಸೆಯ ದೊಡ್ಡ ಹಾಕಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟಿದ್ದಾರೆ. ಅದೇ 2011ರಲ್ಲಿ, ಮತ್ತೆ 2019ರಲ್ಲಿ, ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳು ಅಲ್ಲಿ ನಡೆದವು.